ಸೂತ್ರಧಾರನ ತೀರ್ಪು

ಆಡುವವರಲ್ಲಿ ಭಿನ್ನಾಭಿಪ್ರಾಯ ಹುಟ್ಟದ ಆಟ ಲೋಕದಲ್ಲಿಲ್ಲ. ಪಗಡೆಯ ಹಾಸಿನ ಸುತ್ತ ಕುಳಿತವರಲ್ಲಿ ಗರ ಸರಿಯಾಗಿ ಬಿದ್ದಿತೇ ಇಲ್ಲವೇ ಎಂಬ ವಾಗ್ವಾದ ನಡೆಯುವುದುಂಟು. ಚದುರಂಗದಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ಹಟವುಂಟು. ಆದರೆ ಇಂಥ ವಿವಾದಗಳು ಅಲ್ಪಾಯುಷಿಗಳು. ಕಾಯಿ ಎಲ್ಲರ ಕಣ್ಣೆದುರಿಗಿದೆ, ಮನೆಗಳು ಎಣಿಸಿದಷ್ಟಿವೆ, ನಿಯಮಗಳು ಒಂದು ಹಾಳೆಯಲ್ಲಿ ಅಡಗುವಷ್ಟಿವೆ. ಆಟದ ಭೂಮಿಯೇ ಕಣ್ಣಿಗೆ ಕಾಣದೆ, ಅದು ಒಬ್ಬನ ಮಾತಿನಲ್ಲಿ ಮಾತ್ರ ನೆಲೆಸಿದ್ದರೆ, ಆಗ ಹುಟ್ಟುವ ವಿವಾದವನ್ನು ಯಾರು ತೀರಿಸಬೇಕು? ಯಾವ ಅಧಿಕಾರದಿಂದ ತೀರಿಸಬೇಕು? ಐವತ್ತು ವರ್ಷಗಳಿಗೂ ಮಿಗಿಲಾಗಿ ಅಮೆರಿಕದಲ್ಲಿಯೂ ಅನಂತರ ಇತರ ದೇಶಗಳಲ್ಲಿಯೂ ಬಳಕೆಯಲ್ಲಿರುವ ಪಾತ್ರಧಾರಣೆಯ ಆಟಗಳು ಈ ಪ್ರಶ್ನೆಯನ್ನು ಪ್ರತಿ ವಾರವೂ ಎದುರಿಸುತ್ತ ಬಂದಿವೆ. ಇದು ಹುಡುಗಾಟದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ.

ಈ ಆಟದ ಸ್ವರೂಪವನ್ನು ಅರಿಯದ ವಾಚಕರಿಗಾಗಿ ಒಂದೆರಡು ಮಾತು ಅವಶ್ಯ. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬೊಬ್ಬರೂ ಒಂದೊಂದು ಕಲ್ಪಿತ ಪಾತ್ರವನ್ನು ಧರಿಸುತ್ತಾರೆ: ಒಬ್ಬ ಖಡ್ಗಧಾರಿಯಾದ ಯೋಧ, ಇನ್ನೊಬ್ಬ ಮಾಂತ್ರಿಕ, ಮತ್ತೊಬ್ಬ ಬೀಗ ತೆಗೆಯುವುದರಲ್ಲಿ ನಿಪುಣನಾದ ಕಳ್ಳ. ಒಬ್ಬನು ಮಾತ್ರ ಇಂಥ ಪಾತ್ರವನ್ನು ಧರಿಸದೆ ಉಳಿದ ಜಗತ್ತೆಲ್ಲವನ್ನೂ ತಾನೇ ವಹಿಸಿಕೊಳ್ಳುತ್ತಾನೆ. ಗುಹೆಯ ಕತ್ತಲೆ, ಊರಿನ ಸಂತೆ, ಅಂಗಡಿಯವನ ಚೌಕಾಸಿ, ರಾಕ್ಷಸನ ಹೊಡೆತ ಎಲ್ಲವೂ ಅವನ ಬಾಯಿಂದಲೇ ಬರತಕ್ಕವು. ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಫಲ ಸಂದಿಗ್ಧವಾದಲ್ಲಿ ದಾಳ ಉರುಳಿಸುತ್ತಾರೆ. ಆದದ್ದೇನೆಂಬುದನ್ನು ಅವನು ಹೇಳುತ್ತಾನೆ. ಇಂಗ್ಲಿಷಿನಲ್ಲಿ ಅವನಿಗೆ ಗೇಮ್ ಮಾಸ್ಟರ್ ಎಂದು ಹೆಸರು; ಕನ್ನಡದ ನಾಟಕ ಪರಿಭಾಷೆಯಲ್ಲಿ ಸೂತ್ರಧಾರನೆಂದರೆ ಹೆಚ್ಚು ತಪ್ಪಾಗದು. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಆ ಕ್ಷಣದಲ್ಲಿಯೇ ಮಾತು ಕಟ್ಟಿ ವಾದಿಸುವುದನ್ನು ಕೇಳಿದವರಿಗೆ ಇದರ ಒಂದು ಮುಖ ಸುಲಭವಾಗಿ ತಿಳಿದೀತು. ವ್ಯತ್ಯಾಸವೆಂದರೆ, ಅಲ್ಲಿ ಕರ್ಣನು ಎಷ್ಟು ಚೆನ್ನಾಗಿ ವಾದಿಸಿದರೂ ಪ್ರಸಂಗವು ಅವನನ್ನು ಬದುಕಿಸದು. ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿಲ್ಲ, ಸೂತ್ರಧಾರನಿಗೂ ಗೊತ್ತಿಲ್ಲ. ಆದುದರಿಂದಲೇ ಇಲ್ಲಿ ನ್ಯಾಯದ ಪ್ರಶ್ನೆ ಏಳುತ್ತದೆ.

ಈ ಸೂತ್ರಧಾರನ ಪೂರ್ವಜನನ್ನು ಹುಡುಕಬೇಕಾದರೆ ಪ್ರಷ್ಯದ ಸೇನೆಗೆ ಹೋಗಬೇಕು. 1812ರಲ್ಲಿ ರೈಸ್‌ವಿಟ್ಸ್ ಎಂಬಾತನು ಅಲ್ಲಿಯ ದೊರೆಗೆ ಒಂದು ಯುದ್ಧಕ್ರೀಡೆಯನ್ನು ಒಪ್ಪಿಸಿದನು. ಸೇನಾಧಿಕಾರಿಯಾಗಿದ್ದ ಅವನ ಮಗ ಅದನ್ನು ತಿದ್ದಿ 1824ರಲ್ಲಿ ಕ್ರೀಗ್‌ಸ್ಪೀಲ್ ಎಂಬ ಹೆಸರಿನಲ್ಲಿ ನಿಯಮಗ್ರಂಥವಾಗಿ ಪ್ರಕಟಿಸಿದನು. ಎರಡು ಪಕ್ಷದವರೂ ತಮ್ಮ ಆಜ್ಞೆಗಳನ್ನು ಬರೆದು ಮಧ್ಯಸ್ಥನಿಗೆ ಕೊಡುವರು; ಮಧ್ಯಸ್ಥನು ನಕ್ಷೆಯ ಮೇಲೆ ತುಕಡಿಗಳನ್ನು ನಡೆಸಿ, ದಾಳವನ್ನೂ ಕೋಷ್ಟಕಗಳನ್ನೂ ನೋಡಿ ನಷ್ಟವನ್ನು ಎಣಿಸಿ, ಆಯಾ ಪಕ್ಷದ ಕಣ್ಣಿಗೆ ಬೀಳಬಹುದಾದಷ್ಟನ್ನು ಮಾತ್ರ ಅವರಿಗೆ ತಿಳಿಸುವನು. ಕಾಲಕ್ರಮದಲ್ಲಿ ಕೋಷ್ಟಕಗಳು ಬೆಳೆದು ಮಧ್ಯಸ್ಥನಿಗೆ ಹೊರೆಯಾದುವು. 1870ರ ದಶಕದಲ್ಲಿ ಮೆಕಲ್ ಎಂಬ ಅಧಿಕಾರಿ ಈ ನಿಯಮಬಾಹುಳ್ಯವನ್ನು ಟೀಕಿಸಿದನು. ವೆರ್ಡಿ ದು ವೆರ್ನ್ವಾ ಎಂಬ ಇನ್ನೊಬ್ಬನು 1876ರಲ್ಲಿ ದಾಳವನ್ನೂ ಕೋಷ್ಟಕವನ್ನೂ ಸಂಪೂರ್ಣವಾಗಿ ಕೈಬಿಟ್ಟು, ಅನುಭವಿಯಾದ ಮಧ್ಯಸ್ಥನ ಮಾತೇ ಪ್ರಮಾಣವೆಂದು ಸಾರಿದನು. ಬಿಗಿಯಾದ ಆಟ, ಬಿಡಿಯಾದ ಆಟ ಎಂಬ ಎರಡು ಪಂಥಗಳು ಅಂದು ಹುಟ್ಟಿದುವು. ಇಂದಿಗೂ ಅವು ಸತ್ತಿಲ್ಲ.

ಅಮೆರಿಕದ ಟಾಟನ್ ಎಂಬ ಸೇನಾಧಿಕಾರಿ 1880ರಲ್ಲಿ ಸ್ಟ್ರಾಟಿಗೋಸ್ ಎಂಬ ಯುದ್ಧಕ್ರೀಡಾಗ್ರಂಥವನ್ನು ಬರೆದಿದ್ದನು. ಶತಮಾನದ ಹತ್ತಿರ ಹತ್ತಿರ ಧೂಳು ತಿಂದಿದ್ದ ಆ ಪುಸ್ತಕ ಮಿನಸೋಟ ರಾಜ್ಯದ ಡೇವಿಡ್ ವೆಸ್ಲಿ ಎಂಬ ಯುವಕನ ಕೈಗೆ ಸಿಕ್ಕಿತು. ಆಟಕ್ಕೆ ಒಬ್ಬ ಮಧ್ಯಸ್ಥನಿದ್ದರೆ ಆಟಗಾರರು ಪುಸ್ತಕದಲ್ಲಿ ಇಲ್ಲದ್ದನ್ನೂ ಪ್ರಯತ್ನಿಸಬಹುದೆಂಬುದನ್ನು ಅವನು ಅದರಿಂದ ಕಲಿತನು. 1969ರಲ್ಲಿ ಅವನು ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಪಟ್ಟಣವೊಂದನ್ನು ಏರ್ಪಡಿಸಿ, ಬಂದವರಿಗೆ ಸೇನಾಪತಿಯ ಪಾತ್ರವನ್ನಷ್ಟೇ ಅಲ್ಲದೆ ಪಟ್ಟಣದ ನಾಗರಿಕರ ಪಾತ್ರಗಳನ್ನೂ ಹಂಚಿದನು. ಆಟಗಾರರು ಮೂಲೆ ಮೂಲೆಗಳಲ್ಲಿ ನಿಂತು ಗುಟ್ಟಿನ ಒಪ್ಪಂದಗಳನ್ನು ಮಾಡಿಕೊಂಡರು, ಇಬ್ಬರು ದ್ವಂದ್ವಯುದ್ಧಕ್ಕೇ ಇಳಿದರು, ಅದಕ್ಕೆ ನಿಯಮವಿರಲಿಲ್ಲ, ವೆಸ್ಲಿ ಆ ಕ್ಷಣದಲ್ಲಿಯೇ ಒಂದನ್ನು ಕಲ್ಪಿಸಬೇಕಾಯಿತು. ಆಟ ಕೈಮೀರಿ ಕೆಟ್ಟಿತೆಂದು ಅವನು ಭಾವಿಸಿದನು. ಆಡಿದವರಾದರೋ ಮತ್ತೆ ಆಡೋಣವೆಂದು ಬೆನ್ನು ಹತ್ತಿದರು. ಅವರಲ್ಲಿ ಒಬ್ಬನಾದ ಡೇವ್ ಆರ್ನಿಸನ್ ಮುಂದೆ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್‌ನೊಡನೆ ಕೂಡಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಹೊರತಂದನು. ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಿಕೆಗಳು; ಮೊದಲ ಮುದ್ರಣ 1000 ಪ್ರತಿ; ಬೆಲೆ 10 ಡಾಲರು. ಮೂರನೆಯ ಪುಸ್ತಿಕೆಯ ಕೊನೆಯಲ್ಲಿ ಕರ್ತೃಗಳು, ಸಂದೇಹ ಬಂದಲ್ಲಿ ನಿಮಗೆ ಹೇಗಿರಬೇಕೆಂದು ತೋರುವುದೋ ಹಾಗೆಯೇ ಮಾಡಿಕೊಳ್ಳಿರಿ, ನಿಮ್ಮ ಕಲ್ಪನೆಯ ಕೆಲಸವನ್ನು ನಾವೇಕೆ ಮಾಡಬೇಕು ಎಂಬ ಅಭಿಪ್ರಾಯದ ಮಾತನ್ನು ಸೇರಿಸಿದರು.

ಆ ಔದಾರ್ಯ ಹೆಚ್ಚು ಕಾಲ ನಿಲ್ಲಲಿಲ್ಲ. ಆಟವು ಸ್ಪರ್ಧೆಯ ರೂಪವನ್ನೂ ತಾಳಿತು. 1975ರ ಆರಿಜಿನ್ಸ್ ಸಮ್ಮೇಳನದಲ್ಲಿ ಒಂದೇ ಗೋರಿಯ ಒಳಹೊಕ್ಕು ಯಾವ ತಂಡ ಎಷ್ಟು ದೂರ ಹೋಗುವುದೆಂದು ಪರೀಕ್ಷಿಸುವ ಏರ್ಪಾಡಾಯಿತು. ಒಬ್ಬ ಸೂತ್ರಧಾರ ದಯಾಳು, ಇನ್ನೊಬ್ಬ ಕಠಿಣನಾದರೆ ಇಂಥ ಸ್ಪರ್ಧೆಗೆ ಅರ್ಥವೇ ಇರದು. ಆದಕಾರಣ 1977ರಿಂದ 1979ರವರೆಗೆ ಗೈಗ್ಯಾಕ್ಸ್ ದಪ್ಪ ದಪ್ಪ ಗ್ರಂಥಗಳನ್ನು ಬರೆದು ಎಲ್ಲೆಡೆಯೂ ಒಂದೇ ಬಗೆಯ ಆಟ ನಡೆಯಬೇಕೆಂದು ಅಪೇಕ್ಷಿಸಿದನು. ವಿಚಿತ್ರವೆಂದರೆ 1979ರ ಸೂತ್ರಧಾರರ ಕೈಪಿಡಿಯ ಕೊನೆಯ ಭಾಗದಲ್ಲಿ ಅವನೇ, ನಿಯಮದ ಅಕ್ಷರಕ್ಕಿಂತ ಆಟದ ಆಶಯ ದೊಡ್ಡದೆಂದೂ, ಪುಸ್ತಕದಿಂದ ವಾಕ್ಯಗಳನ್ನು ಎತ್ತಿ ಎತ್ತಿ ಒಗೆಯುವ ಸಿಪಾಯಿ-ವಕೀಲನಿಗೆ ಸೂತ್ರಧಾರನು ಮಣಿಯಬಾರದೆಂದೂ ಬೋಧಿಸಿದ್ದಾನೆ. ನೂರಾರು ಪುಟಗಳ ನಿಯಮ ಬರೆದವನ ಈ ಕೊನೆಯ ಮಾತಿನಲ್ಲಿ ಒಂದು ಬಗೆಯ ದಣಿವು ಕಾಣುತ್ತದೆ.

ಆ ಸಿಪಾಯಿ-ವಕೀಲನ ವಿಷಯದಲ್ಲಿ ಗೈಗ್ಯಾಕ್ಸ್‌ನ ಮಾತನ್ನು ಪೂರ್ತಿಯಾಗಿ ಒಪ್ಪಲಾಗದು. ನಿಯಮ ಬಲ್ಲವನು ಸೂತ್ರಧಾರನ ಶತ್ರುವೇ ಆಗಬೇಕಿಲ್ಲ. ಎಷ್ಟೋ ವೇಳೆ ಅವನು ಸೂತ್ರಧಾರನಿಗಿಂತ ಹೆಚ್ಚು ಓದಿರುತ್ತಾನೆ, ಅಷ್ಟೆ. ಅವನ ಕೈಗೇ ಪುಸ್ತಕವನ್ನು ಕೊಟ್ಟು, ಬೇಕಾದಾಗ ಪುಟ ತೆಗೆದು ಓದಿ ಹೇಳುವ ಕೆಲಸವನ್ನು ಒಪ್ಪಿಸಿದರೆ ಜಗಳದ ಅರ್ಧ ಮುಗಿದಂತೆ. ಅವನು ವಕೀಲನೋ ವಿದ್ಯಾರ್ಥಿಯೋ ಎಂಬುದನ್ನು ಕಂಡುಹಿಡಿಯಲು ಒಂದೇ ಪರೀಕ್ಷೆ ಸಾಕು: ತನ್ನ ಪಾತ್ರಕ್ಕೆ ನಷ್ಟವಾಗುವ ನಿಯಮವನ್ನೂ ಅವನು ನೆನಪಿಸುವನೇ? ನೆನಪಿಸುವವನಾದರೆ ಅಂಥವನು ಮೇಜಿನ ಬಳಿ ಇರುವುದು ಭಾಗ್ಯ.

ವೆರ್ಡಿಯ ಪಂಥಕ್ಕೂ ಇಲ್ಲಿ ಒಂದು ಆಕ್ಷೇಪಣೆಯುಂಟು. ಪ್ರಷ್ಯದ ಮಧ್ಯಸ್ಥನು ಹಿರಿಯ ಅಧಿಕಾರಿ; ಅವನ ಮಾತಿಗೆ ಹುದ್ದೆಯ ತೂಕವಿತ್ತು; ಮೇಲಾಗಿ ಅವನು ಎರಡೂ ಪಕ್ಷಕ್ಕೆ ಹೊರಗಿನವನು. ಈ ಆಟದ ಸೂತ್ರಧಾರನಿಗೆ ಇವೆರಡೂ ಇಲ್ಲ. ಅವನು ಆಟಗಾರರ ಸ್ನೇಹಿತ, ಸಮವಯಸ್ಕ. ಅಷ್ಟೇ ಅಲ್ಲ, ಯೋಧನನ್ನು ಹೊಡೆಯುವ ರಾಕ್ಷಸನೂ ಅವನೇ, ಆ ಹೊಡೆತ ನ್ಯಾಯವಾಗಿ ಬಿತ್ತೇ ಎಂದು ನಿರ್ಣಯಿಸುವವನೂ ಅವನೇ. ಕಕ್ಷಿಗಾರನೇ ನ್ಯಾಯಾಧೀಶನಾಗುವ ಈ ವ್ಯವಸ್ಥೆ ಲೋಕದ ಯಾವ ನ್ಯಾಯಾಲಯದಲ್ಲಿಯೂ ಸಲ್ಲದು. ಇಲ್ಲಿ ಅದು ಸಲ್ಲುತ್ತಿರುವುದು ಒಂದೇ ಆಧಾರದ ಮೇಲೆ: ಉಳಿದವರು ಅವನನ್ನು ನಂಬಿದ್ದಾರೆ. ಎರಡು ವರ್ಷ ವಾರಕ್ಕೊಮ್ಮೆ ಕುಳಿತು ಬೆಳೆಸಿದ ಪಾತ್ರ ಒಂದು ವಾಕ್ಯದ ಅರ್ಥಭೇದದಿಂದ ಸತ್ತಾಗ ಆಟಗಾರನಿಗಾಗುವ ನೋವನ್ನು ಹೊರಗಿನವರು ನಕ್ಕು ಮರೆತಾರು. ಆ ಸಂಜೆಯ ಅನಂತರ ಆ ಸ್ನೇಹಿತರು ಮತ್ತೆ ಒಂದು ಮೇಜಿನ ಬಳಿ ಕೂಡದೆ ಹೋಗುವುದೂ ಉಂಟು.

ವಿವಾದಗಳಲ್ಲಿ ತೀರ ಸುಲಭವಾದವು ಪುಸ್ತಕದ ಎರಡು ವಾಕ್ಯಗಳು ಪರಸ್ಪರ ವಿರೋಧಿಸುವಂಥವು. ಈ ಆಟದ 2014ರ ಐದನೆಯ ಆವೃತ್ತಿಯಲ್ಲಿ, ವಿಶೇಷ ನಿಯಮ ಸಾಮಾನ್ಯ ನಿಯಮವನ್ನು ಬಾಧಿಸುತ್ತದೆಂದು ಸ್ಪಷ್ಟವಾಗಿ ಹೇಳಿದೆ. ಉತ್ಸರ್ಗ-ಅಪವಾದಗಳನ್ನು ಕಲಿತ ವ್ಯಾಕರಣದ ವಿದ್ಯಾರ್ಥಿಗೆ ಇದು ಹೊಸ ಮಾತಲ್ಲ. ಆದರೆ ವ್ಯಾಕರಣದ ಈ ಕೀಲಿಕೈಯಿಂದ ಎಲ್ಲ ಬಾಗಿಲುಗಳೂ ತೆರೆಯವು.

ಉದಾಹರಣೆಗೆ, ಈ ಆಟಗಾರರಲ್ಲಿ ಪ್ರಸಿದ್ಧವಾದ ಒಂದು ಕುಯುಕ್ತಿಯನ್ನು ನೋಡಬಹುದು. ಒಂದು ಸುತ್ತಿನ ಕಾಲ 6 ಸೆಕೆಂಡು. ಒಬ್ಬನು ತನ್ನ ಕೈಯ ವಸ್ತುವನ್ನು ಪಕ್ಕದವನಿಗೆ ಅದೇ ಸುತ್ತಿನಲ್ಲಿ ದಾಟಿಸಬಹುದು. ಅವನೂ ಮೊದಲೇ ಸಿದ್ಧನಾಗಿದ್ದರೆ ಅದೇ ಸುತ್ತಿನಲ್ಲಿಯೇ ಮುಂದಕ್ಕೆ ದಾಟಿಸಬಹುದು. ಹಾಗಾದರೆ 2000 ಮಂದಿ ರೈತರನ್ನು 5 ಅಡಿಗೊಬ್ಬರಂತೆ ಸಾಲಾಗಿ ನಿಲ್ಲಿಸಿ ಒಂದು ಮರದ ಗಳುವನ್ನು ಕೈಯಿಂದ ಕೈಗೆ ದಾಟಿಸಿದರೆ ಅದು 6 ಸೆಕೆಂಡಿನಲ್ಲಿ 10,000 ಅಡಿ ಹೋಗುತ್ತದೆ. ಎಂದರೆ ಶಬ್ದಕ್ಕಿಂತ ವೇಗವಾಗಿ. ಆದುದರಿಂದ ಕೊನೆಯ ರೈತನ ಕೈಬಿಟ್ಟ ಗಳು ಕೋಟೆಯ ಗೋಡೆಯನ್ನೇ ಪುಡಿಮಾಡಬೇಕು ಎಂಬುದು ವಾದ. ಕೇಳಲು ಸೊಗಸಾಗಿದೆ. ದೋಷವೆಲ್ಲಿ? ಗಳುವನ್ನು ಸಾಗಿಸುವಾಗ ವಾದಿ ಪುಸ್ತಕದ ನಿಯಮವನ್ನು ಹಿಡಿಯುತ್ತಾನೆ. ಗೋಡೆಗೆ ಬಡಿಯುವಾಗ ಪುಸ್ತಕವನ್ನು ಕೆಳಗಿಟ್ಟು ಭೌತಶಾಸ್ತ್ರವನ್ನು ಕೈಗೆತ್ತಿಕೊಳ್ಳುತ್ತಾನೆ. ಪುಸ್ತಕವನ್ನೇ ನಂಬುವುದಾದರೆ ಗಳು ಕೇವಲ ಕೈಯಿಂದೆಸೆದ ಒಂದು ಕೋಲು. ಭೌತಶಾಸ್ತ್ರವನ್ನೇ ನಂಬುವುದಾದರೆ ಯಾವ ರೈತನ ಕೈಯೂ ಅಷ್ಟು ಬೇಗ ಆಡದು. 2024ರ ಸೂತ್ರಧಾರರ ಕೈಪಿಡಿ ನಿಯಮಗಳು ಭೌತಶಾಸ್ತ್ರವಲ್ಲವೆಂದೂ, ಅವುಗಳನ್ನು ಸದ್ಭಾವದಿಂದ ಅರ್ಥೈಸಬೇಕೆಂದೂ ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದು ಇಂಥ ವಾದಗಳಿಂದಲೇ. ಇಂಥಲ್ಲಿ ಸೂತ್ರಧಾರನು ಕೋಪಗೊಳ್ಳಬೇಕಾಗಿಲ್ಲ. ಮೆಚ್ಚಿ ನಕ್ಕು, ಆಗದು ಎಂದರೆ ಸಾಕು. ವಾದಿಸಿದವನಿಗೂ ಅದು ಗೊತ್ತು.

ನಿಜವಾದ ಕಷ್ಟ ಬೇರೆಡೆಯಲ್ಲಿದೆ. ಪುಸ್ತಕದಲ್ಲಿ ಏನಿದೆ ಎಂಬುದಕ್ಕಿಂತ, ಆ ಕಲ್ಪಿತ ಲೋಕದಲ್ಲಿ ಏನಿತ್ತು ಎಂಬುದರ ಮೇಲೆ ಹುಟ್ಟುವ ಜಗಳಗಳೇ ಹೆಚ್ಚು ಕಹಿಯಾದವು. ಛಾವಣಿ ಕುಸಿಯಿತೆಂದು ಸೂತ್ರಧಾರ ಹೇಳುತ್ತಾನೆ. ನನ್ನ ಕಳ್ಳ ಬಾಗಿಲಿನ ಹೊರಗೆ ನಿಂತಿದ್ದನಲ್ಲ ಎಂದು ಆಟಗಾರ ಹೇಳುತ್ತಾನೆ. ಯಾವ ಪುಟವನ್ನು ತೆರೆದು ನೋಡುವುದು? ಒಬ್ಬನ ಮನಸ್ಸಿನಲ್ಲಿ ಕೋಣೆ ವಿಶಾಲ, ಇನ್ನೊಬ್ಬನ ಮನಸ್ಸಿನಲ್ಲಿ ಇಕ್ಕಟ್ಟು. ಇಂಥ ಸಂದರ್ಭದಲ್ಲಿ ಸಂದೇಹದ ಲಾಭ ಆಟಗಾರನಿಗೇ ಸಲ್ಲಬೇಕು. ಇದು ದಯೆಯ ಮಾತಲ್ಲ, ಪ್ರಮಾಣದ ಮಾತು. ಆ ಕೋಣೆಯನ್ನು ಕಾಣಲು ಆಟಗಾರನಿಗೆ ಸೂತ್ರಧಾರನ ಶಬ್ದವಲ್ಲದೆ ಬೇರೆ ಕಣ್ಣಿಲ್ಲ. ಚಿತ್ರ ತಪ್ಪಾಗಿ ಮೂಡಿದ್ದರೆ ಹೇಳಿದವನ ಮಾತು ಸಾಲದಾಯಿತೆಂದೇ ತಿಳಿಯಬೇಕಲ್ಲದೆ ಕೇಳಿದವನು ದಡ್ಡನೆಂದು ತಿಳಿಯತಕ್ಕದ್ದಲ್ಲ.

ಇನ್ನು ಮುಖ್ಯವಾದ ಒಂದು ಪ್ರಸಂಗ. ಈ ಆಟದ ಮಾಂತ್ರಿಕನಿಗೆ ಫೈರ್‌ಬಾಲ್ ಎಂಬ ಅಗ್ನಿಗೋಲದ ಮಂತ್ರವುಂಟು. 1978ರ ಆಟಗಾರರ ಕೈಪಿಡಿಯ ಪ್ರಕಾರ ಆ ಬೆಂಕಿ ಸುಮಾರು 33,000 ಘನ ಅಡಿಗಳಷ್ಟು ಜಾಗವನ್ನು ತುಂಬಲೇಬೇಕು. ಜಾಗ ಇಕ್ಕಟ್ಟಾದರೆ ಅದರ ಆಕಾರಕ್ಕೆ ತಕ್ಕಂತೆ ಹರಿಯುತ್ತದೆ. 10 ಅಡಿ ಅಗಲ, 10 ಅಡಿ ಎತ್ತರದ ಸುರಂಗದಲ್ಲಿ ಅದು 330 ಅಡಿ ಉದ್ದಕ್ಕೆ, ಎಂದರೆ ಸಿಡಿದ ಜಾಗದಿಂದ ಹಿಂದಕ್ಕೂ ಮುಂದಕ್ಕೂ 165 ಅಡಿ, ಚಾಚಿಕೊಳ್ಳುವುದೆಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. 2014ರ ಆವೃತ್ತಿಯಲ್ಲಾದರೋ ಅದು 20 ಅಡಿ ತ್ರಿಜ್ಯದ ಗೋಲ. ಸುರಂಗವಿರಲಿ ಬಯಲಿರಲಿ, ಅಷ್ಟೇ. ಹಳೆಯ ಪುಸ್ತಕದಿಂದ ಆಟ ನಡೆಸುವ ಸೂತ್ರಧಾರನ ಮೇಜಿಗೆ ಹೊಸ ಆವೃತ್ತಿಯನ್ನು ಮಾತ್ರ ಬಲ್ಲ ಆಟಗಾರನೊಬ್ಬ ಬಂದು, 60 ಅಡಿ ಮುಂದಿರುವ ಗಾಬ್ಲಿನ್ನರ ಗುಂಪಿನ ಮೇಲೆ ಅಗ್ನಿಗೋಲವನ್ನು ಎಸೆದನೆಂದು ಇಟ್ಟುಕೊಳ್ಳೋಣ. ಅವನ ಗೆಳೆಯರು 30 ಅಡಿ ಹಿಂದಿದ್ದಾರೆ. ಅವನ ಲೆಕ್ಕದಲ್ಲಿ ಅವರು ಸುರಕ್ಷಿತರು. ಸೂತ್ರಧಾರನ ಲೆಕ್ಕದಲ್ಲಿ ಅವರೂ ಅವನೂ ಸುಟ್ಟುಹೋದರು.

ಇಲ್ಲಿ ಸೂತ್ರಧಾರನಿಗೆ ಎರಡು ಕ್ಷಣಗಳಿವೆ. ದಾಳ ಉರುಳುವುದಕ್ಕೆ ಮೊದಲೇ ಅವನು, ಈ ಇಕ್ಕಟ್ಟಿನಲ್ಲಿ ಬೆಂಕಿ ಹಿಂದಕ್ಕೆ ನುಗ್ಗುವುದೆಂದು ನಿನ್ನ ಮಾಂತ್ರಿಕ ಬಲ್ಲ, ಆದರೂ ಎಸೆಯುವೆಯಾ ಎಂದು ಕೇಳಬಹುದು. ಆಗ ಆಟಗಾರನು ಪುಸ್ತಕವನ್ನು ತೋರಿಸಿಯಾನು, ಒಂದು ನಿಮಿಷ ವಾದಿಸಿಯಾನು. ಕೊನೆಗೆ ಬಾಣ ಹೂಡುವೆನೆಂದೋ, ಆದದ್ದಾಗಲಿ ಎಸೆಯುವೆನೆಂದೋ ಹೇಳುವನು. ಯಾವುದೇ ಆದರೂ ಆಯ್ಕೆ ಅವನದು. ಅದಲ್ಲದೆ ಸೂತ್ರಧಾರನು ಸುಮ್ಮನಿದ್ದು, ದಾಳ ಬಿದ್ದ ಮೇಲೆ ಪುಟ ತೆರೆದು ಮೂವರು ಸತ್ತರೆಂದು ಘೋಷಿಸಿದರೆ, ಪುಸ್ತಕದ ಅಕ್ಷರ ಅವನ ಪಕ್ಷದಲ್ಲಿದ್ದರೂ ನ್ಯಾಯ ಅವನ ಪಕ್ಷದಲ್ಲಿಲ್ಲ. ಹತ್ತು ವರ್ಷ ಮಂತ್ರ ಕಲಿತ ಮಾಂತ್ರಿಕನಿಗೆ ಗೊತ್ತಿರಲೇಬೇಕಾದುದು, ಮಂತ್ರವನ್ನೇ ಕಲಿಯದ ಆಟಗಾರನಿಗೆ ಗೊತ್ತಿಲ್ಲವೆಂಬ ಕಾರಣದಿಂದ ಮರೆಯಾಯಿತು. ಅದೇ ನಿಯಮ, ಅದೇ ಸುರಂಗ. ಆದರೆ ಫಲ ತಿಳಿಯುವ ಮೊದಲು ನುಡಿದದ್ದು ನಿಯಮವೆನಿಸಿತು, ಫಲ ತಿಳಿದ ಮೇಲೆ ನುಡಿದದ್ದು ಶಿಕ್ಷೆಯೆನಿಸಿತು. ಆಟದ ವಿವಾದಗಳ ಬಗ್ಗೆ ಬೆಳೆದಿರುವ ಉಪದೇಶರಾಶಿಯೆಲ್ಲ, ಕಡಿಮೆ ನಿಯಮ ಸಾಕು ತೀರ್ಪೇ ಮುಖ್ಯವೆಂದು 2008ರಲ್ಲಿ ಮ್ಯಾಥ್ಯೂ ಫಿಂಚ್ ಬರೆದ ಪ್ರಸಿದ್ಧ ಕಿರುಪುಸ್ತಿಕೆಯೂ ಸೇರಿ, ನಿಯಮ ಎಷ್ಟಿರಬೇಕೆಂಬುದನ್ನೇ ಹೆಚ್ಚಾಗಿ ಚರ್ಚಿಸುತ್ತದೆ. ತೀರ್ಪು ಯಾವಾಗ ಹೊರಬೀಳಬೇಕೆಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಮೇಜಿನ ಮೇಲೆ ನಿಲ್ಲಿಸಿದ ತಡಿಕೆಯ ಹಿಂದೆ ಗುಟ್ಟಾಗಿ ದಾಳ ಉರುಳಿಸಿ, ಬಿದ್ದ ಸಂಖ್ಯೆಯನ್ನು ಕರುಣೆಯಿಂದ ತಿದ್ದಿ ಹೇಳುವ ಸೂತ್ರಧಾರರ ಅಭ್ಯಾಸವೂ ಇದೇ ಕಾರಣದಿಂದ ಒಪ್ಪತಕ್ಕದ್ದಲ್ಲ. ಕರುಣೆ ತೋರಬೇಕೆಂದಿದ್ದರೆ ದಾಳವನ್ನು ಮುಟ್ಟುವ ಮೊದಲೇ ತೋರಬೇಕಾಗಿತ್ತು.

ಎಲ್ಲವನ್ನೂ ಮುಂಗಾಣುವುದು ಸಾಧ್ಯವಿಲ್ಲವೆಂಬುದೂ ನಿಜ. ಆಟದ ನಡುವೆ ತೀರದ ಸಂದೇಹ ಬಂದಾಗ ಪುಸ್ತಕವನ್ನು ಅರ್ಧ ಗಂಟೆ ಜಾಲಾಡಿ ಉಳಿದವರನ್ನು ಆಕಳಿಸುವಂತೆ ಮಾಡುವುದಕ್ಕಿಂತ, ಎರಡೂ ಕಡೆಯ ಮಾತನ್ನು ಒಮ್ಮೆ ಕೇಳಿ, ಇಂದಿಗೆ ಹೀಗೆ, ಮನೆಗೆ ಹೋಗಿ ನೋಡುತ್ತೇನೆ ಎಂದು ಹೇಳಿ ಮುಂದುವರಿಯುವುದು ಮೇಲು. ಮರುವಾರ ತಪ್ಪು ತನ್ನದೇ ಎಂದು ಕಂಡುಬಂದರೆ? ಹತ್ತು ಚಿನ್ನದ ನಾಣ್ಯ ಹೋಗಿದ್ದರೆ ಹೋಯಿತು, ಅದನ್ನು ಕೆದಕುವುದು ಬೇಡ. ತಪ್ಪು ಓದಿದ್ದರಿಂದ ಒಂದು ಪಾತ್ರವೇ ಸತ್ತಿದ್ದರೆ ಎಲ್ಲರೆದುರಿಗೆ ಒಪ್ಪಿಕೊಂಡು ಅದನ್ನು ಬದುಕಿಸಬೇಕು. ಕಥೆಯ ಓಟ ಕೆಡುವುದೆಂಬ ನೆವ ಸಲ್ಲದು. ಕಥೆ ಅವನೊಬ್ಬನದಲ್ಲ.

ಸೂತ್ರಧಾರನು ಒಂದು ಸಣ್ಣ ನೋಟುಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ತಾನು ಕೊಟ್ಟ ತೀರ್ಪುಗಳನ್ನು ದಿನಾಂಕ ಸಹಿತ ಬರೆದಿಡುವುದು ಒಳ್ಳೆಯದು. ಅದರ ಪ್ರಯೋಜನ ಆಟಗಾರರಿಗಿಂತ ಅವನಿಗೇ ಹೆಚ್ಚು ಅಹಿತಕರವಾಗಿ ತಿಳಿಯುತ್ತದೆ. ಮೇಲಿನ ಸುರಂಗದ ಪ್ರಸಂಗದಲ್ಲಿ ಆಟಗಾರನ ವಾದಕ್ಕೆ ಒಪ್ಪಿ, ಈ ಮೇಜಿನಲ್ಲಿ ಅಗ್ನಿಗೋಲ 20 ಅಡಿಗೇ ನಿಲ್ಲುವುದೆಂದು ಅವನು ತೀರ್ಪು ಬರೆದಿದ್ದಾನೆಂದುಕೊಳ್ಳೋಣ. ಮೂರು ವಾರಗಳ ಅನಂತರ ಅದೇ ಸುರಂಗದ ಇನ್ನೊಂದು ತುದಿಯಲ್ಲಿ ಗಾಬ್ಲಿನ್ನರ ಮುದಿ ಮಾಂತ್ರಿಕನೊಬ್ಬ ಕೈಯೆತ್ತಿ ಅದೇ ಮಂತ್ರವನ್ನು ಉಚ್ಚರಿಸುತ್ತಾನೆ. ಆಟಗಾರರು ಸಿಡಿಯುವ ಜಾಗದಿಂದ 25 ಅಡಿ ದೂರದಲ್ಲಿದ್ದಾರೆ. ಎಲ್ಲರ ಕಣ್ಣೂ ಆ ನೋಟುಪುಸ್ತಕದ ಮೇಲಿದೆ. ಸೂತ್ರಧಾರನು ಪುಟ ತಿರುಗಿಸಿ, ತಾನು ಬರೆದದ್ದನ್ನು ಗಟ್ಟಿಯಾಗಿ ಓದಿ, ಬೆಂಕಿ ನಿಮ್ಮ ಮುಖದೆದುರು 5 ಅಡಿ ದೂರದಲ್ಲಿ ಆರಿಹೋಯಿತು ಎಂದು ಹೇಳುತ್ತಾನೆ.